ಸರೋವರದ ದಡದ ರೈಲು ನಿಲ್ದಾಣ: ವಿಂಡರ್‌ಮಿಯರ್‌ನ ಲೇಕ್‌ಸೈಡ್ ಉಳಿದದ್ದು ಹೇಗೆ?

ಹಾರಂಗಿ ದಂಡೆ (ಕುಶಾಲನಗರ) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ಮಗಳ ಸಂಸಾರ ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿರುವುದರಿಂದ ಕಳೆದ ಬೇಸಿಗೆಯನ್ನು ಅಲ್ಲಿ ಕಳೆದೆವು. ಒಂದು ದಿನ ಅವರು ನಮ್ಮನ್ನು ವಿಂಡರ್‌ಮಿಯರ್ ಸರೋವರಕ್ಕೆ ಕರೆದೊಯ್ದರು. ಪೂರ್ವ ದಡದ ಬೋನೆಸ್ ಎಂಬ ಊರಿನಲ್ಲಿ ದೋಣಿ ಹತ್ತಿ, ಎರಡೂ ಕಡೆ ಕಾಡು ಹೊದ್ದ ಗುಡ್ಡಗಳನ್ನು ನೋಡುತ್ತಾ ದಕ್ಷಿಣದ ತುದಿಯ ಲೇಕ್‌ಸೈಡ್ ತಲುಪಿದೆವು. ಧಕ್ಕೆಗೆ ಇಳಿದು ಹತ್ತಿಪ್ಪತ್ತು ಹೆಜ್ಜೆ ನಡೆದರೆ ರೈಲಿನ ಪ್ಲಾಟ್‌ಫಾರ್ಮ್. ಉಗಿ ಎಂಜಿನ್ ಕಟ್ಟಿದ ಹಳೆಯ ಡಬ್ಬಿಗಳು ನಮಗಾಗಿಯೇ ಕಾಯುತ್ತಿದ್ದಂತೆ ನಿಂತಿದ್ದವು. ದೋಣಿಗೂ ರೈಲಿಗೂ ಸೇರಿ ಒಂದೇ ಟಿಕೆಟ್. ಮಳೆಗಾಲದ ನಮ್ಮ ಕಾಡಿನಷ್ಟೇ ಹಸಿರಾದ ದಾರಿಯಲ್ಲಿ ಸುಮಾರು ಇಪ್ಪತ್ತು ನಿಮಿಷ ಸಾಗಿ, ಹ್ಯಾವರ್‌ತ್ವೇಟ್ ಎಂಬ ಚಿಕ್ಕ ನಿಲ್ದಾಣದಲ್ಲಿ ರೈಲು ನಿಂತಿತು. ಅದರಾಚೆ ಹಳಿ ಇರಲಿಲ್ಲ.

ಅಂದಿನಿಂದ ನನ್ನನ್ನು ಕಾಡುತ್ತಿರುವುದು ಇದೇ. ದೇಶದ ಬೇರಾವ ರೈಲು ಮಾರ್ಗಕ್ಕೂ ಸೇರದ ಐದು ಕಿಲೋಮೀಟರ್ ಹಳಿ ಅಲ್ಲಿ ಇರುವುದೇಕೆ? ಅದನ್ನು ಮೊದಲು ಹಾಕಿದ್ದು ಪ್ರವಾಸಿಗರಿಗಾಗಿಯೋ, ಸರಕು ಸಾಗಣೆಗಾಗಿಯೋ? ಮುಚ್ಚಿಹೋದ ಮಾರ್ಗವನ್ನು ಮತ್ತೆ ತೆರೆದವರು ಯಾರು? ಜುಲೈ ತಿಂಗಳಲ್ಲಿ ಇಲ್ಲಿನ ಮಕ್ಕಳಿಗೆ ಸಾರಿಗೆಯ ಇತಿಹಾಸದ ಬಗ್ಗೆ ಒಂದು ಪಾಠ ಮಾಡಲು ಒಪ್ಪಿಕೊಂಡಿದ್ದೇನೆ. ರೈಲು ಹತ್ತಬೇಕಾದರೆ ಮೈಸೂರಿಗೋ ಮಂಗಳೂರಿಗೋ ತಲಶ್ಶೇರಿಗೋ ಇಳಿಯಬೇಕಾದ ಜಿಲ್ಲೆ ನಮ್ಮದು. ರೈಲನ್ನು ಹತ್ತಿರದಿಂದ ನೋಡದ ಮಕ್ಕಳೂ ತರಗತಿಯಲ್ಲಿರುತ್ತಾರೆ. ಅವರಿಗೆ ತಪ್ಪು ಹೇಳಬಾರದು ಎಂಬ ಕಾಳಜಿಯಿಂದ ಕೇಳುತ್ತಿದ್ದೇನೆ.

ಕೋಟೆಬೆಟ್ಟ (ಮಡಿಕೇರಿ) ಅವರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಆ ಪ್ರದೇಶದ ರೈಲು ಮಾರ್ಗಗಳ ಚರಿತ್ರೆಯನ್ನು ಹಲವು ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಲೇಕ್‌ಸೈಡ್ ಎನ್ನುವುದು ಹಳಿ ಬಂದು ಸೇರಿದ ಒಂದು ಧಕ್ಕೆ. ರೈಲು ನಿಲ್ದಾಣದ ಪಕ್ಕದಲ್ಲಿ ದೋಣಿ ನಿಲ್ಲುತ್ತದೆ ಎಂದು ನೋಡಿದರೆ ಅದರ ಕಥೆ ಅರ್ಥವಾಗುವುದಿಲ್ಲ. ದೋಣಿ ನಿಲ್ಲುವ ಜಾಗಕ್ಕೆ ರೈಲನ್ನು ತಂದರು ಎಂದು ನೋಡಬೇಕು.

ದೋಣಿಯೇ ಮೊದಲು ಬಂದದ್ದು. 1845ರಲ್ಲೇ 'ಲೇಡಿ ಆಫ್ ದಿ ಲೇಕ್' ಎಂಬ ಉಗಿದೋಣಿ ವಿಂಡರ್‌ಮಿಯರ್‌ನಲ್ಲಿ ಪ್ರಯಾಣಿಕರನ್ನು ಕೂರಿಸಿಕೊಂಡು ಓಡಾಡಲು ಆರಂಭಿಸಿತ್ತು. ಸರೋವರ ಉತ್ತರದಿಂದ ದಕ್ಷಿಣಕ್ಕೆ ಸುಮಾರು 17 ಕಿಲೋಮೀಟರ್ ಉದ್ದ, ಅಗಲ ತೀರಾ ಕಡಿಮೆ. ಇಂಗ್ಲೆಂಡಿನ ಅತಿ ದೊಡ್ಡ ನೈಸರ್ಗಿಕ ಸರೋವರ ಅದು. ದಡದ ರಸ್ತೆಗಳು ಏರಿಳಿತದವು, ಅಂಕುಡೊಂಕಿನವು. ಹಾಗಾಗಿ ನೀರೇ ಅಲ್ಲಿನ ನೇರ ದಾರಿಯಾಗಿತ್ತು.

ಇತ್ತ ಕರಾವಳಿಯಲ್ಲಿ ಫರ್ನೆಸ್ ರೈಲ್ವೆ ಎಂಬ ಕಂಪನಿ ಇತ್ತು. 1846ರಲ್ಲಿ ಅದು ಓಡಾಟ ಆರಂಭಿಸಿದ್ದು ಜನರಿಗಾಗಿ ಅಲ್ಲ. ಕಬ್ಬಿಣದ ಅದಿರನ್ನೂ ಛಾವಣಿಗೆ ಹೊದಿಸುವ ಕಲ್ಲಿನ ಬಿಲ್ಲೆಗಳನ್ನೂ ಬ್ಯಾರೋ ಬಂದರಿಗೆ ಇಳಿಸುವುದಕ್ಕಾಗಿ. ಹೆನ್ರಿ ಷ್ನೈಡರ್ ಎಂಬ ಉದ್ಯಮಿಗೆ 1850ರಲ್ಲಿ ಅಲ್ಲಿ ದೊಡ್ಡ ಅದಿರಿನ ನಿಕ್ಷೇಪ ದೊರೆತ ಮೇಲೆ, ಸಣ್ಣ ಹಳ್ಳಿಯಾಗಿದ್ದ ಬ್ಯಾರೋ ಕೆಲವೇ ದಶಕಗಳಲ್ಲಿ ಉಕ್ಕಿನ ಪಟ್ಟಣವಾಯಿತು. 1857ರಲ್ಲಿ ಅಲ್ವರ್‌ಸ್ಟನ್ ಊರಿನಿಂದ ಪೂರ್ವಕ್ಕೆ ಲ್ಯಾಂಕಾಸ್ಟರ್ ಕಡೆಯ ಮುಖ್ಯ ಮಾರ್ಗಕ್ಕೆ ಸಂಪರ್ಕ ದೊರೆಯಿತು. ಈ ಮಾರ್ಗದ ಪ್ಲಂಪ್ಟನ್ ಜಂಕ್ಷನ್ನಿನಿಂದ ಲೆವೆನ್ ನದಿಯ ಕಣಿವೆಯನ್ನು ಹಿಡಿದು ಸರೋವರದ ತನಕ ಹಾಕಿದ ಕವಲು ಮಾರ್ಗವೇ ನಿಮ್ಮ ಪ್ರಶ್ನೆಯ ಮಾರ್ಗ. ಲೆವೆನ್ ಎಂದರೆ ವಿಂಡರ್‌ಮಿಯರ್‌ನಿಂದ ಹೊರಟು ಸಮುದ್ರ ಸೇರುವ ಹೊಳೆ. ಕವಲಿನ ಉದ್ದ ಸುಮಾರು 13 ಕಿಲೋಮೀಟರ್. ಅದು ಪ್ರಯಾಣಿಕರಿಗೆ ತೆರೆದದ್ದು 1869ರ ಜೂನ್ ತಿಂಗಳಲ್ಲಿ.

ಮೂರೇ ವರ್ಷದಲ್ಲಿ, 1872ರಲ್ಲಿ, ಫರ್ನೆಸ್ ರೈಲ್ವೆ ಸರೋವರದ ಉಗಿದೋಣಿ ಕಂಪನಿಯನ್ನೇ ಕೊಂಡುಕೊಂಡಿತು. ನನ್ನ ದೃಷ್ಟಿಯಲ್ಲಿ ಲೇಕ್‌ಸೈಡ್‌ನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಇಲ್ಲ. ರೈಲಿನ ಮಾಲೀಕನೂ ದೋಣಿಯ ಮಾಲೀಕನೂ ಒಬ್ಬನೇ ಆದದ್ದರಿಂದ ರೈಲು ತಡವಾದರೆ ದೋಣಿ ಕಾಯುತ್ತಿತ್ತು, ದೋಣಿಯ ವೇಳೆಗೆ ರೈಲು ಹೊಂದಿಕೊಳ್ಳುತ್ತಿತ್ತು, ಟಿಕೆಟ್ ಒಂದೇ ಆಯಿತು. ನೀವು ಕಳೆದ ವರ್ಷ ಕಂಡ ಆ ಹತ್ತಿಪ್ಪತ್ತು ಹೆಜ್ಜೆಯ ಅನುಕೂಲ ಅಂದಿನಿಂದ ಬಂದದ್ದು.

ಷ್ನೈಡರ್ ಅವರ ದಿನಚರಿಯನ್ನು ಮಕ್ಕಳಿಗೆ ಖಂಡಿತ ಹೇಳಿ. ಅವರು ಬೋನೆಸ್‌ನ ಬೆಲ್ಸ್‌ಫೀಲ್ಡ್ ಎಂಬ ಬಂಗಲೆಯಲ್ಲಿದ್ದರು. ಬೆಳಗ್ಗೆ 'ಎಸ್ಪೆರಾನ್ಸ್' ಎಂಬ ಸ್ವಂತ ಉಗಿದೋಣಿ ಹತ್ತಿ, ದೋಣಿಯಲ್ಲೇ ತಿಂಡಿ ಮುಗಿಸಿ, ಲೇಕ್‌ಸೈಡ್‌ನಲ್ಲಿ ಇಳಿದು ರೈಲು ಹಿಡಿದು ಬ್ಯಾರೋದ ಕಚೇರಿಗೆ ಹೋಗುತ್ತಿದ್ದರು. 1869ರಲ್ಲಿ ಕಟ್ಟಿದ ಆ ದೋಣಿ ಈಗಲೂ ಬೋನೆಸ್ ಬಳಿಯ ವಸ್ತುಸಂಗ್ರಹಾಲಯದಲ್ಲಿದೆ.

ಪ್ರವಾಸಿಗರ ವಿಷಯಕ್ಕೆ ಬಂದರೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದಿರಿನ ವರಮಾನ ಕುಗ್ಗತೊಡಗಿದಾಗ ಕಂಪನಿಯ ಜನರಲ್ ಮ್ಯಾನೇಜರ್ ಆಗಿ ಬಂದ ಆಲ್ಫ್ರೆಡ್ ಆಸ್ಲೆಟ್ ಎಂಬುವರು ರೈಲು, ದೋಣಿ, ಕುದುರೆಗಾಡಿ ಮೂರನ್ನೂ ಒಂದೇ ಟಿಕೆಟ್ಟಿಗೆ ಪೋಣಿಸಿ ಸುತ್ತು ಪ್ರವಾಸಗಳನ್ನು ಏರ್ಪಡಿಸಿದರು. 1900ರಿಂದ 'ಲೇಡಿ ಎವೆಲಿನ್' ಎಂಬ ಸಮುದ್ರದ ಹಡಗು ಫ್ಲೀಟ್‌ವುಡ್‌ನಿಂದ ಬ್ಯಾರೋಗೆ ಜನರನ್ನು ತರುತ್ತಿತ್ತು. ಬ್ಲ್ಯಾಕ್‌ಪೂಲ್ ಕಡೆ ರಜೆಗೆ ಬಂದ ಗಿರಣಿ ಊರುಗಳ ಜನ ಹಾಗೆ ಸಮುದ್ರ ದಾಟಿ, ರೈಲು ಹತ್ತಿ, ಲೇಕ್‌ಸೈಡ್‌ನಲ್ಲಿ ಮತ್ತೆ ನೀರಿಗಿಳಿದು, ಸರೋವರ ನೋಡಿಕೊಂಡು ಹಿಂದಿರುಗುತ್ತಿದ್ದರು. ಆ ದಿನಗಳಲ್ಲಿ ಲೇಕ್‌ಸೈಡ್ ನಿಲ್ದಾಣದಲ್ಲಿ ಗೋಪುರವೂ, ಸರೋವರಕ್ಕೆ ಮುಖ ಮಾಡಿದ ಉಪಾಹಾರ ಮಂದಿರವೂ, ದೋಣಿಯಿಂದ ಇಳಿದವರಿಗೆ ಕೇಳಿಸುವಂತೆ ನುಡಿಸುವ ವಾದ್ಯವೃಂದವೂ ಇದ್ದವು.

ಮುಚ್ಚಿದ್ದು ಬೇರೆಡೆ ಮುಚ್ಚಿದ ಕಾರಣಕ್ಕೇ. ಕಾರು, ಬಸ್ಸುಗಳು ಹೆಚ್ಚಿದವು. ಬೇಸಿಗೆಯಲ್ಲಿ ಮಾತ್ರ ತುಂಬುವ ಕವಲು ಮಾರ್ಗವನ್ನು ಬ್ರಿಟಿಷ್ ರೈಲ್ವೇಸ್ ನಡೆಸಲು ಒಪ್ಪಲಿಲ್ಲ. ಕೊನೆಯ ಪ್ರಯಾಣಿಕರ ರೈಲು ಓಡಿದ್ದು 1965ರ ಸೆಪ್ಟೆಂಬರ್ 5ರಂದು. ಆದರೆ ದೋಣಿಗಳಿಗೆ ಜನ ಕಡಿಮೆಯಾಗಿರಲಿಲ್ಲ, ಅವು ನಿಲ್ಲಲಿಲ್ಲ. ರೈಲು ನಿಂತ ನಂತರದ ಎಂಟು ವರ್ಷವೂ ದೋಣಿಗಳು ಲೇಕ್‌ಸೈಡ್‌ಗೆ ಬರುತ್ತಲೇ ಇದ್ದವು. ಧಕ್ಕೆ ಜೀವಂತವಾಗಿದ್ದುದರಿಂದಲೇ ನಿಲ್ದಾಣಕ್ಕೆ ಮರುಜನ್ಮ ದೊರೆಯಿತು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಹಸಿರು ಬಾವುಟ (ಗೋಣಿಕೊಪ್ಪಲು) ಅವರ ಉತ್ತರ:

ಮೂವತ್ತೆರಡು ವರ್ಷ ರೈಲ್ವೆಯಲ್ಲಿ ಗಾರ್ಡ್ ಆಗಿ ದುಡಿದು ಈಗ ಊರಿನಲ್ಲಿ ಕಾಫಿ, ಮೆಣಸು ನೋಡಿಕೊಂಡಿದ್ದೇನೆ. ಕೋಟೆಬೆಟ್ಟ ಅವರು ಬರೆದದ್ದನ್ನು ಬಹುಪಾಲು ಒಪ್ಪುತ್ತೇನೆ. ಆದರೆ ದೋಣಿಯೊಂದೇ ಉಳಿಸಿತು ಎನ್ನುವಲ್ಲಿ ಗೂಡ್ಸ್ ರೈಲಿಗೆ ಅನ್ಯಾಯವಾಗುತ್ತದೆ.

ಲೆವೆನ್ ಕಣಿವೆ ಮೇಲುನೋಟಕ್ಕೆ ಕಾಡು, ಒಳಗೆ ಕಾರ್ಖಾನೆಗಳ ಸಾಲು. ಹೊಳೆಯ ನೀರಿನಿಂದ ಚಕ್ರ ತಿರುಗುತ್ತಿತ್ತು, ಕಾಡಿನಿಂದ ಇದ್ದಿಲು ಸಿಗುತ್ತಿತ್ತು. ಬ್ಯಾಕ್‌ಬ್ಯಾರೋ ಎಂಬಲ್ಲಿನ ಕಬ್ಬಿಣದ ಕುಲುಮೆ 1711ರಷ್ಟು ಹಳೆಯದು; ಇಪ್ಪತ್ತನೆಯ ಶತಮಾನದ ಆರಂಭದಲ್ಲೂ ಅದು ಇದ್ದಿಲಿನಿಂದಲೇ ಕಬ್ಬಿಣ ಕರಗಿಸುತ್ತಿತ್ತು. ಲೋ ವುಡ್ ಮತ್ತು ಬ್ಲ್ಯಾಕ್ ಬೆಕ್ ಎಂಬೆಡೆ ಕೋವಿಮದ್ದಿನ ಕಾರ್ಖಾನೆಗಳಿದ್ದವು. ಮನೆಮನೆಯಲ್ಲಿ ಕೋವಿಯನ್ನು ಪೂಜಿಸುವ ನಾಡಿನವನಾದ ನನಗೆ ಇದನ್ನು ಓದಿದಾಗ ಕುತೂಹಲ ಇಮ್ಮಡಿಯಾಯಿತು. ಬ್ಯಾಕ್‌ಬ್ಯಾರೋದಲ್ಲೇ 1890ರಿಂದ ಬಟ್ಟೆಗೆ ಹಾಕುವ ನೀಲಿಯನ್ನು ತಯಾರಿಸುವ ಕಾರ್ಖಾನೆ ನಡೆಯಿತು. ನಮ್ಮ ಅಜ್ಜಿಯರು ಬಿಳಿ ಪಂಚೆಗೆ ಅದ್ದುತ್ತಿದ್ದಂಥ ನೀಲಿ. ಲೇಕ್‌ಸೈಡ್‌ಗೆ ಸಮೀಪದ ಸ್ಟಾಟ್ ಪಾರ್ಕ್‌ನಲ್ಲಿ 1835ರಲ್ಲಿ ಆರಂಭವಾದ ಗಿರಣಿಯೊಂದು ಲ್ಯಾಂಕಶೈರ್‌ನ ಹತ್ತಿ ಗಿರಣಿಗಳಿಗೆ ನೂಲು ಸುತ್ತುವ ಮರದ ಉರುಳೆಗಳನ್ನು ಕಡೆದು ಕಳಿಸುತ್ತಿತ್ತು. ಇಂಥ ಕಣಿವೆಗೆ ಹಾಕಿದ ಹಳಿಯನ್ನು ಬರಿಯ ಪ್ರವಾಸಿ ಮಾರ್ಗ ಎನ್ನಲಾಗದು. ದೋಣಿಗಳಿಗೆ ಬೇಕಾದ ಕಲ್ಲಿದ್ದಲು ಬರುತ್ತಿದ್ದುದೂ ಇದೇ ಹಳಿಯ ಮೇಲೆ.

ಪ್ರಯಾಣಿಕರ ರೈಲು 1965ರಲ್ಲಿ ನಿಂತರೂ ಬ್ಯಾಕ್‌ಬ್ಯಾರೋ ಕುಲುಮೆಯ ಸರಕಿಗಾಗಿ ಗೂಡ್ಸ್ ರೈಲು 1967ರವರೆಗೆ ಓಡಿತು. ಆ ಎರಡು ವರ್ಷ ಬಹಳ ಮುಖ್ಯ. ರೈಲು ನಿಂತ ಮಾರ್ಗದಲ್ಲಿ ಇಲಾಖೆ ಮೊದಲು ಮಾಡುವ ಕೆಲಸ ಹಳಿ ಕಿತ್ತು ಗುಜರಿಗೆ ಹಾಕುವುದು. ಹಳಿ ಹೋದ ಮೇಲೆ ಯಾವ ಸಂಘ ಬಂದರೂ ಮಾಡುವುದೇನೂ ಉಳಿಯುವುದಿಲ್ಲ. ಇಲ್ಲಿ ಗೂಡ್ಸ್ ಓಡುತ್ತಿದ್ದ ಕಾರಣ ಮಾರ್ಗ ಉಸಿರಾಡುತ್ತಿತ್ತು. ಗೂಡ್ಸ್ ನಿಂತ ಹೊತ್ತಿಗೆ ಅದನ್ನು ವಹಿಸಿಕೊಳ್ಳುತ್ತೇವೆ ಎನ್ನುವ ಆಸಕ್ತರು ಲೇಕ್‌ಸೈಡ್ ರೈಲ್ವೆ ಸೊಸೈಟಿ ಎಂಬ ಹೆಸರಿನಲ್ಲಿ ಒಟ್ಟುಗೂಡಿದ್ದರು.

ಮೇಷ್ಟ್ರ ಮೊದಲ ಪ್ರಶ್ನೆಗೆ, ಅಂದರೆ ಹಳಿ ಹ್ಯಾವರ್‌ತ್ವೇಟ್‌ನಲ್ಲೇ ಮುಗಿಯುವುದೇಕೆ ಎಂಬುದಕ್ಕೆ, ಉತ್ತರ ಇಲ್ಲಿದೆ. ಸೊಸೈಟಿಯವರ ಬಯಕೆ ಇದ್ದದ್ದು ಪ್ಲಂಪ್ಟನ್‌ವರೆಗಿನ ಇಡೀ ಕವಲನ್ನು ಉಳಿಸಿ, ದೇಶದ ಮುಖ್ಯ ಜಾಲದ ಸಂಪರ್ಕವನ್ನೂ ಉಳಿಸಿಕೊಳ್ಳುವುದು. ಆದರೆ ಎ590 ಎಂಬ ಹೆದ್ದಾರಿಯನ್ನು ಅಗಲ ಮಾಡಲು ಸರ್ಕಾರಕ್ಕೆ ಹ್ಯಾವರ್‌ತ್ವೇಟ್‌ನಿಂದ ಗ್ರೀನಾಡ್ ಕಡೆಗಿನ ರೈಲು ಜಾಗ ಬೇಕಾಯಿತು. ಹೀಗೆ ಕೆಳಗಿನ ಭಾಗ ರಸ್ತೆಗೆ ಹೋಯಿತು; ಮೇಲಿನ ಐದು ಕಿಲೋಮೀಟರ್ ದ್ವೀಪದಂತೆ ಉಳಿಯಿತು. 1973ರ ಮೇ 2ರಂದು ಆ ಭಾಗ ಉಗಿರೈಲಿಗೆ ಮತ್ತೆ ತೆರೆಯಿತು. ಉದ್ಘಾಟಿಸಿದವರು ವೇಕ್‌ಫೀಲ್ಡ್‌ನ ಬಿಷಪ್ ಎರಿಕ್ ಟ್ರೀಸಿ. ಉಗಿರೈಲುಗಳ ಛಾಯಾಗ್ರಾಹಕರೆಂದು ಅವರು ಹೆಸರಾದವರು. ಈ ಮಾರ್ಗದ ಎಂಜಿನ್‌ಗಳದ್ದೂ ಒಂದು ವಿಶೇಷವಿದೆ. ಫೇರ್‌ಬರ್ನ್ ಮಾದರಿಯ ಟ್ಯಾಂಕ್ ಎಂಜಿನ್‌ಗಳು, ಅಂದರೆ ನೀರನ್ನೂ ಕಲ್ಲಿದ್ದಲನ್ನೂ ತಮ್ಮ ಮೇಲೆಯೇ ಹೊರುವ ಉಗಿ ಎಂಜಿನ್‌ಗಳು, ಒಟ್ಟು 277 ತಯಾರಾಗಿದ್ದವು. ಇಂದು ಜಗತ್ತಿನಲ್ಲಿ ಉಳಿದಿರುವುದು 42073 ಮತ್ತು 42085 ಎಂಬ ಎರಡು ಮಾತ್ರ, ಎರಡೂ ಈ ಮಾರ್ಗದವು.

ಇನ್ನು ಹಳಿಗೂ ನೀರಿಗೂ ಇದ್ದ ಒಂದು ನಂಟನ್ನು ಹೇಳಲೇಬೇಕು. ಸಮುದ್ರದಿಂದ ಸರೋವರಕ್ಕೆ ದೊಡ್ಡ ದೋಣಿ ತೇಲಿ ಬರಲಾಗದು, ಲೆವೆನ್ ಹೊಳೆ ಬಂಡೆಗಳ ಮೇಲೆ ಧುಮುಕುತ್ತಾ ಹರಿಯುತ್ತದೆ. ಹಾಗಾದರೆ ಅಷ್ಟು ದೊಡ್ಡ ದೋಣಿಗಳು ಅಲ್ಲಿಗೆ ಬಂದದ್ದು ಹೇಗೆ? ರೈಲಿನಲ್ಲಿ! 1891ರ 'ಟರ್ನ್' ದೋಣಿಯನ್ನು ದೂರದ ವಿವೆನ್‌ಹೋ ಎಂಬಲ್ಲಿ ತಯಾರಿಸಿ, ಬಿಡಿ ಭಾಗಗಳಾಗಿ ಗೂಡ್ಸ್ ಬಂಡಿಗಳಲ್ಲಿ ಲೇಕ್‌ಸೈಡ್‌ಗೆ ತಂದು, ದಡದಲ್ಲಿ ಮತ್ತೆ ಜೋಡಿಸಿ ನೀರಿಗೆ ಇಳಿಸಿದರು. 1936ರ 'ಟೀಲ್', 1938ರ 'ಸ್ವಾನ್' ಕೂಡ ಬ್ಯಾರೋದ ಹಡಗು ಕಟ್ಟೆಯಿಂದ ಹೀಗೆಯೇ ಬಂದವು. ಮೂರೂ ಇಂದಿಗೂ ಓಡುತ್ತಿವೆ. ಮೇಷ್ಟ್ರೇ, ನೀವು ಹತ್ತಿದ ದೋಣಿ ಇವುಗಳಲ್ಲಿ ಒಂದಾಗಿದ್ದರೆ, ಅದು ಒಂದು ಕಾಲದಲ್ಲಿ ನೀವು ಕೂತ ರೈಲಿನ ಹಳಿಯ ಮೇಲೆಯೇ ಸರಕಾಗಿ ಬಂದದ್ದು.

ನಮ್ಮ ದೇಶದಲ್ಲೂ ಇಂಥ ಜೋಡಣೆ ಇತ್ತು. 1914ರಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ ಮದ್ರಾಸಿನಿಂದ ಧನುಷ್ಕೋಡಿಗೆ ರೈಲು, ಅಲ್ಲಿಂದ ಹಡಗಿನಲ್ಲಿ ತಲೈಮನ್ನಾರ್, ಮತ್ತೆ ರೈಲಿನಲ್ಲಿ ಕೊಲಂಬೊ. ಅದನ್ನು ಬೋಟ್ ಮೇಲ್ ಎನ್ನುತ್ತಿದ್ದರು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಡಿಯ ನಿಲ್ದಾಣವನ್ನೂ ಧಕ್ಕೆಯನ್ನೂ ಒಟ್ಟಿಗೇ ಕೊಂಡೊಯ್ದಿತು. ಅದರ ಮರುವರ್ಷವೇ ಲೇಕ್‌ಸೈಡ್‌ಗೆ ರೈಲು ನಿಂತದ್ದು. ಅಲ್ಲಿ ನೀರಿನ ಭಾಗ ಉಳಿಯಿತು, ಇಲ್ಲಿ ಎರಡೂ ಹೋದವು.

ಮಲ್ಲಳ್ಳಿ (ಸೋಮವಾರಪೇಟೆ) ಅವರ ಉತ್ತರ:

ಹಿರಿಯರಿಬ್ಬರ ಬರಹಕ್ಕೆ ಒಂದು ಎಳೆಯನ್ನು ಸೇರಿಸಲು ಬಯಸುತ್ತೇನೆ. ಸರೋವರದ ದಕ್ಷಿಣಕ್ಕೆ ರೈಲು ಬರುವುದಕ್ಕಿಂತ ಇಪ್ಪತ್ತೆರಡು ವರ್ಷ ಮೊದಲೇ, 1847ರಲ್ಲಿ, ಪೂರ್ವದ ಕೆಂಡಾಲ್ ಕಡೆಯಿಂದ ಬೇರೊಂದು ಕಂಪನಿಯ ರೈಲು ಬಂದಿತ್ತು. ಅದು ಬಂದು ನಿಂತ ಬರ್ತ್‌ವೇಟ್ ಎಂಬ ಹಳ್ಳಿಗೆ ಮುಂದೆ ವಿಂಡರ್‌ಮಿಯರ್ ಎಂದೇ ಹೆಸರಾಯಿತು. ಆ ನಿಲ್ದಾಣಕ್ಕೆ ಸರೋವರದ ಹೆಸರಿದ್ದರೂ ಅದು ನೀರಿನ ದಡದಲ್ಲಿಲ್ಲ. ಅಲ್ಲಿಂದ ಬೋನೆಸ್‌ನ ಧಕ್ಕೆಗೆ ಎರಡು ಕಿಲೋಮೀಟರಿಗೂ ಹೆಚ್ಚು ಇಳಿದು ಹೋಗಬೇಕು. ಮೇಷ್ಟ್ರು ಪಾಠದಲ್ಲಿ ಇವೆರಡನ್ನೂ ಒಂದೇ ಎಂದುಕೊಳ್ಳದಂತೆ ಗಮನಿಸಬೇಕು, ಏಕೆಂದರೆ ಹಲವು ಬರಹಗಳಲ್ಲಿ ಈ ಗೊಂದಲವನ್ನು ಕಂಡಿದ್ದೇನೆ.

ಆ ಮಾರ್ಗದ ಪ್ರಸ್ತಾಪ ಬಂದಾಗ, 1844ರಲ್ಲಿ, ಸರೋವರದ ಉತ್ತರಕ್ಕೆ ರೈಡಲ್‌ನಲ್ಲಿ ವಾಸವಿದ್ದ ಕವಿ ವರ್ಡ್ಸ್‌ವರ್ತ್ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಮಾರ್ಗ ನಿಲ್ಲಲಿಲ್ಲ, ಆದರೆ ಬರ್ತ್‌ವೇಟ್ ದಾಟಿ ಮುಂದಕ್ಕೂ ಹೋಗಲಿಲ್ಲ. ಅದನ್ನು ಉತ್ತರದ ತುದಿಯ ಆಂಬಲ್‌ಸೈಡ್‌ವರೆಗೆ ಒಯ್ಯುವ ಮಸೂದೆ 1887ರಲ್ಲಿ ಸಂಸತ್ತಿನಲ್ಲಿ ಬಿದ್ದುಹೋಯಿತು. ಪರಿಣಾಮವಾಗಿ ಸರೋವರದ ಉದ್ದಕ್ಕೂ ಯಾವ ದಡದಲ್ಲೂ ಹಳಿ ಇಲ್ಲ. ದಕ್ಷಿಣದಲ್ಲಿ ಲೇಕ್‌ಸೈಡ್, ಪೂರ್ವದಲ್ಲಿ ವಿಂಡರ್‌ಮಿಯರ್, ಉತ್ತರದಲ್ಲಿ ಏನೂ ಇಲ್ಲ. ಈ ಖಾಲಿ ಜಾಗವನ್ನು ತುಂಬಿದ್ದು ದೋಣಿ. ದಡದುದ್ದಕ್ಕೂ ರೈಲು ಬಂದಿದ್ದರೆ ಲೇಕ್‌ಸೈಡ್‌ನಲ್ಲಿ ಯಾರೂ ದೋಣಿಗಾಗಿ ಇಳಿಯುತ್ತಿರಲಿಲ್ಲ. ಎಂದರೆ ಆ ನಿಲ್ದಾಣದ ಭಾಗ್ಯ, ಕಟ್ಟದೇ ಬಿಟ್ಟ ಇನ್ನೊಂದು ಮಾರ್ಗದಿಂದ ಬಂದದ್ದು.

ಮೈಸೂರು–ಕುಶಾಲನಗರ ರೈಲಿನ ಮಾತು ಬಂದಾಗಲೆಲ್ಲ, ತಲಶ್ಶೇರಿ ಮಾರ್ಗದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ಪಕ್ಷವಾಗುತ್ತದೆ. ಬೇಕು ಎನ್ನುವವರೂ, ಕಾಡು, ಆನೆ, ಕಾವೇರಿ ಎಂದು ಬೇಡ ಎನ್ನುವವರೂ ಈ ನಾಡಿನ ಮೇಲಿನ ಪ್ರೀತಿಯಿಂದಲೇ ಮಾತನಾಡುತ್ತಾರೆ. ನಾನು ಬೇಡ ಎನ್ನುವ ಕಡೆಯವಳು. ಆದರೂ ವಿಂಡರ್‌ಮಿಯರ್ ನಮ್ಮ ಪಕ್ಷಕ್ಕೆ ಪೂರ್ತಿ ಸಾಕ್ಷಿ ಎಂದು ಹೇಳಲಾರೆ. ಒಂದು ಕಡೆಯಿಂದ ರೈಲು ಬಂತು, ಇನ್ನೊಂದು ಕಡೆ ತಡೆದರು. ಎರಡೂ ಸೇರಿ ಇಂದಿನ ಸರೋವರ ಸೀಮೆಯನ್ನು ರೂಪಿಸಿದವು. 2017ರಲ್ಲಿ ಆ ಪ್ರದೇಶವನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ದಾರಿಯಿಲ್ಲದ ಜಾಗವನ್ನು ದೋಣಿ ತುಂಬುವುದಕ್ಕೆ ಮಕ್ಕಳಿಗೆ ಹತ್ತಿರದ ಉದಾಹರಣೆ ಬೇಕಾದರೆ ಶರಾವತಿ ಹಿನ್ನೀರಿನ ಸಿಗಂದೂರು ಲಾಂಚ್ ಇದೆ. ಹೊಳೆಬಾಗಿಲಿನಲ್ಲಿ ಬಸ್ಸು ಸಹಿತ ಲಾಂಚ್ ಏರಿ ಕಳಸವಳ್ಳಿಗೆ ದಾಟುತ್ತಿದ್ದವರಿಗೆ 2025ರ ಜುಲೈನಲ್ಲಿ ಸೇತುವೆ ತೆರೆಯಿತು. ದ್ವೀಪದಂತಿದ್ದ ಊರುಗಳ ಜನರಿಗೆ ಆ ಸೇತುವೆ ಬಹಳ ವರ್ಷಗಳ ಕನಸು, ಅದರಲ್ಲಿ ಎರಡು ಮಾತಿಲ್ಲ.

ಹಾರಂಗಿ ದಂಡೆ (ಕುಶಾಲನಗರ):

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಬಿಡಿ ಭಾಗಗಳಾಗಿ ಬಂದ ದೋಣಿಯ ವಿಷಯ ಓದಿ ಮಗಳಿಗೆ ಕರೆ ಮಾಡಿ, ಅಂದಿನ ಫೋಟೋಗಳನ್ನು ಕಳಿಸಲು ಹೇಳಿದೆ. ಮೂತಿಯ ಬದಿಯಲ್ಲಿ 'ಟೀಲ್' ಎಂಬ ಹೆಸರು ಸ್ಪಷ್ಟವಾಗಿ ಕಾಣುತ್ತದೆ. ನಾವು ಕುಳಿತದ್ದು ರೈಲಿನಲ್ಲಿ ಬಂದ ದೋಣಿಯಲ್ಲೇ.

ಒಂದು ಸಂದೇಹ ಉಳಿದಿದೆ. ಕೋಟೆಬೆಟ್ಟ ಅವರು ಗೋಪುರ ಇತ್ತು ಎಂದು ಬರೆದಿದ್ದಾರೆ. ನನ್ನ ಯಾವ ಫೋಟೋದಲ್ಲೂ ಗೋಪುರ ಕಾಣುತ್ತಿಲ್ಲ. ಬೇರೆ ಬದಿಯಲ್ಲಿದೆಯೇ?

ಕೋಟೆಬೆಟ್ಟ (ಮಡಿಕೇರಿ):

ಈಗ ಇಲ್ಲ, ಮೇಷ್ಟ್ರೇ. ಗೋಪುರವನ್ನೂ ಪ್ಲಾಟ್‌ಫಾರ್ಮಿನ ಮೇಲಿನ ದೊಡ್ಡ ಚಾವಣಿಯನ್ನೂ 1978ರಲ್ಲಿ ಕೆಡವಿದರು. ಉಗಿರೈಲು ಮತ್ತೆ ಓಡತೊಡಗಿ ಐದು ವರ್ಷವಾದ ಮೇಲೆ ಹಾಗಾಯಿತು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ. ಪಾರಂಪರಿಕ ನಿಲ್ದಾಣ ಎಂದಾಗ ಮಕ್ಕಳು ಎಲ್ಲವೂ ಇದ್ದಂತೆಯೇ ಇದೆ ಎಂದು ತಿಳಿಯಬಹುದು, ಅಲ್ಲಿ ಹಾಗಿಲ್ಲ. ಹಳಿ, ಧಕ್ಕೆ, ವೇಳಾಪಟ್ಟಿಯ ಹೊಂದಾಣಿಕೆ ಉಳಿದಿವೆ. ವಾದ್ಯದವರು ನುಡಿಸುತ್ತಿದ್ದ ಆ ಹಳೆಯ ವೈಭವ ಉಳಿದಿಲ್ಲ.

ಹಸಿರು ಬಾವುಟ ಅವರ ಮಾತನ್ನೂ ಒಪ್ಪಿಕೊಳ್ಳುತ್ತೇನೆ. 1967ರವರೆಗೆ ಗೂಡ್ಸ್ ಓಡಿದ್ದರ ಮಹತ್ವವನ್ನು ನಾನು ಸರಿಯಾಗಿ ತೂಗಿರಲಿಲ್ಲ. ದೋಣಿಗಳ ಒಡೆತನದ ವಿಷಯವನ್ನೂ ಸೇರಿಸಿಬಿಡುತ್ತೇನೆ: ಫರ್ನೆಸ್ ರೈಲ್ವೆ 1923ರಲ್ಲಿ ಎಲ್‌ಎಂಎಸ್ ಎಂಬ ದೊಡ್ಡ ಕಂಪನಿಯಲ್ಲಿ ವಿಲೀನವಾಯಿತು, 1948ರಲ್ಲಿ ಎಲ್ಲವೂ ರಾಷ್ಟ್ರೀಕರಣಗೊಂಡಿತು. ಕವಲು ಮಾರ್ಗ ಮುಚ್ಚಿದ ಮೇಲೂ ದೋಣಿಗಳು ಸರ್ಕಾರಿ ರೈಲ್ವೆಯ ಕೈಯಲ್ಲೇ ಇದ್ದವು. ಖಾಸಗಿಯವರ ಪಾಲಾದದ್ದು 1984ರಲ್ಲಿ. ಅಂದರೆ ರೈಲಿಲ್ಲದ ಸರೋವರದ ತುದಿಗೆ ರೈಲ್ವೆಯ ದೋಣಿ ಬರುತ್ತಿದ್ದ ವರ್ಷಗಳೂ ಇದ್ದವು.

ಹಸಿರು ಬಾವುಟ (ಗೋಣಿಕೊಪ್ಪಲು):

ಮೇಷ್ಟ್ರೇ, ಪಾಠದ ದಿನ ತಿಳಿಸಿದರೆ ನಾನೂ ಬರುತ್ತೇನೆ. ನನ್ನ ಬಳಿ ಕೆಲಸದ ದಿನಗಳ ಹಸಿರು–ಕೆಂಪು ಬಾವುಟ, ಸೀಟಿ ಮತ್ತು ಕೈದೀಪ ಇವೆ. ಮಕ್ಕಳು ಕೈಯಲ್ಲಿ ಹಿಡಿದು ನೋಡಲಿ.